ವಾರಗಿತ್ತಿಯ ಬಳೆ, ಯಜಮಾನರ ಮರೆವು: ನೆರಳಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ (1875–1961) ನಮ್ಮ ಸ್ವಭಾವದ ಒಂದು ಭಾಗವನ್ನು 'ನೆರಳು' ಎಂದು ಕರೆದರು. ಮನೆಯವರು ಬೈದರು, ಮೇಷ್ಟ್ರು ಹೊಡೆದರು, ನೆಂಟರು ನಕ್ಕರು ಎಂಬ ಕಾರಣಕ್ಕೆ 'ಇದು ನಾನಲ್ಲ' ಎಂದು ಚಿಕ್ಕಂದಿನಲ್ಲೇ ಪಕ್ಕಕ್ಕೆ ಸರಿಸಿದ ಭಾಗ ಅದು. ಆ ಗುಣ ಎಲ್ಲಿಗೂ ಹೋಗಿರುವುದಿಲ್ಲ, ನಮ್ಮ ಲೆಕ್ಕದಿಂದ ಮಾತ್ರ ಹೋಗಿರುತ್ತದೆ. ಈ ಸಲದ ಪತ್ರಗಳೆಲ್ಲ ಇದರ ಸುತ್ತಲೇ ಇವೆ. ಹೆಸರು, ಊರು ಬಿಟ್ಟಿದ್ದೇವೆ. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇವೆ.

ಪ್ರಶ್ನೆ: ನನಗೆ 46. ಬೇರೆ ಬೇರೆ ಇದ್ದರೂ ಹಬ್ಬಕ್ಕೆ ಎಲ್ಲರೂ ಅತ್ತೆ ಮನೆಯಲ್ಲಿ ಸೇರುತ್ತೇವೆ. ನನ್ನ ವಾರಗಿತ್ತಿಗೆ ಹೊಸ ಬಳೆ ಮಾಡಿಸಿದರೆ ಹತ್ತು ಜನಕ್ಕೆ ತೋರಿಸುವವರೆಗೆ ಸಮಾಧಾನವಿಲ್ಲ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಗೆ ಬಂದು ಎರಡು ದಿನವಾದರೂ ಅದೇ ತಲೆಯಲ್ಲಿ. 'ಅಮ್ಮಾ, ಅದು ನಿನ್ನದೇ ನೆರಳು' ಅಂತಾಳೆ ಸೈಕಾಲಜಿ ಓದುವ ಮಗಳು. ಕತ್ತಿಗೊಂದು ಎಳೆ ಸರ ಬಿಟ್ಟರೆ ಏನೂ ಹಾಕದವಳು ನಾನು. ಅದು ಹೇಗೆ ನನ್ನದಾಗುತ್ತದೆ?

ಉತ್ತರ: ಮಗಳು ಹೇಳಿದ್ದು ಅರ್ಧ ಸರಿ. ನಿಮ್ಮ ವಾರಗಿತ್ತಿ ನಿಜಕ್ಕೂ ಜಂಬದವರೇ ಇರಬಹುದು. ಮನಸ್ಸು ತನ್ನೊಳಗಿನದನ್ನು ಇನ್ನೊಬ್ಬರ ಮೇಲೆ ಹೊರಿಸುವಾಗ ಸುಮ್ಮಸುಮ್ಮನೆ ಯಾರನ್ನೋ ಹಿಡಿಯುವುದಿಲ್ಲ. ಆ ಗುಣ ಅಷ್ಟಿಷ್ಟಾದರೂ ಇರುವವರನ್ನೇ ಹುಡುಕಿಕೊಳ್ಳುತ್ತದೆ. ಹಾಗಾಗಿ 'ಅವರು ಹಾಗಿದ್ದಾರೋ ಇಲ್ಲವೋ' ಎಂಬ ವಾದದಿಂದ ನೆರಳಿನ ಸುಳಿವು ಸಿಗುವುದಿಲ್ಲ. ನೋಡಬೇಕಾದ್ದು ಅಳತೆಯನ್ನು. ಅದೇ ಬಳೆಯನ್ನು ನೋಡಿ ನಿಮ್ಮ ಇನ್ನೊಬ್ಬ ವಾರಗಿತ್ತಿಯೋ ನಾದಿನಿಯೋ 'ಅವಳ ಬುದ್ಧಿಯೇ ಅಷ್ಟು' ಎಂದು ಒಳಗೆ ಹೋಗಿ ಒಗ್ಗರಣೆ ಹಾಕುತ್ತಾರಲ್ಲ, ಅವರಿಗೂ ನಿಮಗೂ ಎಷ್ಟು ಅಂತರವಿದೆಯೋ ಅಷ್ಟು ನಿಮ್ಮದು. ನಿಮ್ಮ ವಿಷಯದಲ್ಲಿ ಇನ್ನೊಂದು ಗುರುತೂ ಇದೆ: ಎರಡು ದಿನ ಕಳೆದರೂ ಇಳಿಯದಿರುವುದು. ಮೂರನೆಯದನ್ನು ನೀವೇ ಪರೀಕ್ಷಿಸಿಕೊಳ್ಳಿ. ಆಫೀಸಿನಲ್ಲಿ, ಬೀದಿಯಲ್ಲಿ, ಟಿವಿಯಲ್ಲಿ ಇಂಥವರೇ ನಿಮ್ಮನ್ನು ಕೆರಳಿಸುತ್ತಾರೆಯೇ? ಹೌದಾದರೆ ಸಮಸ್ಯೆ ಆ ಒಬ್ಬ ವಾರಗಿತ್ತಿಯದು ಮಾತ್ರ ಆಗಿರಲಾರದು.

ಯೂಂಗ್ ತಮ್ಮ ಕೆಲಸ ಶುರು ಮಾಡಿದ್ದೇ ಇಂಥ ಅಳತೆಯಿಂದ. ಜ್ಯೂರಿಚ್‌ನ ಬುರ್ಗ್‌ಹ್ಯೋಲ್ಜ್ಲಿ ಆಸ್ಪತ್ರೆಯಲ್ಲಿ 1900ರ ನಂತರದ ವರ್ಷಗಳಲ್ಲಿ ಅವರು ನೂರು ಪದಗಳ ಪಟ್ಟಿ ಹಿಡಿದು, ಪ್ರತಿ ಪದಕ್ಕೂ ಥಟ್ಟನೆ ಹೊಳೆದ ಮಾತು ಹೇಳಿಸಿ, ಸ್ಟಾಪ್‌ವಾಚಿನಲ್ಲಿ ಸಮಯ ಬರೆದುಕೊಳ್ಳುತ್ತಿದ್ದರು. ಎಲ್ಲಿ ತಡವಾಯಿತೋ, ಎಲ್ಲಿ ನಗು ಬಂತೋ, ಎರಡನೇ ಸುತ್ತಿನಲ್ಲಿ ಎಲ್ಲಿ ಮೊದಲು ಹೇಳಿದ್ದೇ ಮರೆತುಹೋಯಿತೋ ಅಲ್ಲಿ ಏನೋ ಚುಚ್ಚುತ್ತಿದೆ ಎಂದು ಗುರುತು ಹಾಕುತ್ತಿದ್ದರು. ಒತ್ತಿಟ್ಟ ಗುಣ ಎದುರಿನವರಲ್ಲಿ ದೊಡ್ಡದಾಗಿ ಕಾಣುವುದನ್ನು ಆಮೇಲೆ ಪ್ರಯೋಗದಲ್ಲೂ ತೋರಿಸಿದ್ದಾರೆ. 1997ರಲ್ಲಿ ನ್ಯೂಮನ್, ಡಫ್, ಬೌಮೈಸ್ಟರ್ ಎಂಬ ಮೂವರು ಪ್ರಕಟಿಸಿದ ಅಧ್ಯಯನದಲ್ಲಿ, 'ನಿಮ್ಮಲ್ಲಿ ಈ ದೋಷವಿದೆ' ಎಂದು ಸುಳ್ಳುಸುಳ್ಳೇ ಹೇಳಿ, ಅದರ ಬಗ್ಗೆ ಯೋಚಿಸಬೇಡಿ ಎಂದಾಗ, ಜನ ಬಳಿಕ ನೋಡಿದ ಅಪರಿಚಿತನಲ್ಲಿ ಅದೇ ದೋಷವನ್ನು ಹೆಚ್ಚಾಗಿ ಕಂಡರು.

ಇನ್ನು ಮಾಡಬೇಕಾದ್ದು. ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಂಡು ಪುಟವನ್ನು ನಾಲ್ಕು ಕಾಲಂ ಮಾಡಿ. ಮೂರು ವಾರ ಬರೆಯಿರಿ, ದಿನಕ್ಕೆ ಒಂದೇ ಘಟನೆ. ಮೊದಲ ಕಾಲಂನಲ್ಲಿ ಏನಾಯಿತು ಎಂಬುದನ್ನು ಕ್ಯಾಮೆರಾ ಕಂಡಷ್ಟೇ ಬರೆಯಬೇಕು. 'ಕೈ ಮುಂದೆ ಚಾಚಿ ಬಳೆ ತೋರಿಸಿದಳು' ಸರಿ, 'ಮೆರೆದಳು' ಬೇಡ. ಎರಡನೆಯದರಲ್ಲಿ ಮೈಯಲ್ಲಿ ಎಲ್ಲಿ ಏನಾಯಿತು (ಗಂಟಲು, ಹೊಟ್ಟೆ, ದವಡೆ) ಮತ್ತು ಹತ್ತಕ್ಕೆ ಎಷ್ಟು ಎಂಬ ಅಂಕ. ಐದಕ್ಕಿಂತ ಕಡಿಮೆಯಾದರೆ ಅಲ್ಲಿಗೇ ಬಿಟ್ಟುಬಿಡಿ, ಅದು ಮಾಮೂಲಿ ಕಿರಿಕಿರಿ. ಮೂರನೆಯದು ಮುಖ್ಯ: ಅವರು ತಮಗೆ ತಾವೇ ಯಾವ ಸಲಿಗೆ ಕೊಟ್ಟುಕೊಂಡರು? ನಾಲ್ಕನೆಯದು: ಆ ಸಲಿಗೆ ನಿಮಗೆ ಬೇಡವೆಂದು ಯಾರು, ಯಾವ ಮಾತಿನಲ್ಲಿ ಹೇಳಿದ್ದರು?

ಹೆಚ್ಚಿನವರು ಎಡವುವುದು ಮೂರನೇ ಕಾಲಂನಲ್ಲಿ. 'ಅವಳು ಜಂಬಗಾರ್ತಿ, ಅಂದರೆ ನಾನೂ ಜಂಬಗಾರ್ತಿ' ಎಂದು ಬರೆದು ಮುಗಿಸುತ್ತಾರೆ. ಅದು ಪರೀಕ್ಷೆಯ ಉತ್ತರವಾಯಿತು. ಮೈ ಒಪ್ಪುವುದಿಲ್ಲ, ಉರಿಯೂ ಇಳಿಯುವುದಿಲ್ಲ. ನಿಮ್ಮಲ್ಲಿ ಅಡಗಿರುವುದು ಬಹುಶಃ ಜಂಬವೇ ಅಲ್ಲ. 'ನಾನು ಮಾಡಿದ್ದನ್ನು ನಾಲ್ಕು ಜನ ನೋಡಲಿ' ಎಂಬ ಸಾಧಾರಣ ಆಸೆ ಇರಬಹುದು. 'ಹೆಣ್ಣುಮಕ್ಕಳು ತೋರಿಸಿಕೋಬಾರದು' ಎಂದು ಅಜ್ಜಿಯೋ ಅಮ್ಮನೋ ಹೇಳಿದ ದಿನ ಅದು ಒಳಗೆ ಹೋಗಿ, ಹೊರಗೆ ಬರಲು ದಾರಿಯಿಲ್ಲದೆ ಕಹಿಯಾಗಿರುತ್ತದೆ. ಸರಿಯಾದ್ದು ಸಿಕ್ಕಾಗ ಗೊತ್ತಾಗುತ್ತದೆ: ಬರೆದ ಮೇಲೆ ಸ್ವಲ್ಪ ನಾಚಿಕೆ, ಅದರ ಹಿಂದೆಯೇ ಉಸಿರು ಹಗುರ. ಬರೀ ನಾಚಿಕೆಯಾದರೆ ನಿಮ್ಮನ್ನು ನೀವೇ ಬೈದುಕೊಂಡಿದ್ದೀರಿ. ಏನೂ ಆಗದಿದ್ದರೆ ತಲೆಯಿಂದ ಬರೆದಿದ್ದೀರಿ.

ನಾಲ್ಕನೇ ವಾರ ಅದಕ್ಕೊಂದು ಸಣ್ಣ ದಾರಿ ಮಾಡಿಕೊಡಿ. ಬಳೆಯನ್ನೇ ಕೊಳ್ಳಬೇಕಿಲ್ಲ. ನೀವು ಮಾಡಿದ ಹೋಳಿಗೆ ಚೆನ್ನಾಗಿದೆ ಎಂದು ಯಾರಾದರೂ ಹೇಳಿದಾಗ 'ಅಯ್ಯೋ, ಏನಿಲ್ಲ, ಕಣಕ ಸ್ವಲ್ಪ ಗಟ್ಟಿಯಾಯ್ತು' ಎನ್ನುವ ಬದಲು 'ಹೌದು, ಈ ಸಲ ಚೆನ್ನಾಗಿ ಬಂದಿದೆ' ಎನ್ನಿ. ವಾರಕ್ಕೊಂದು ಸಲ ಸಾಕು. ಇಷ್ಟು ಸಣ್ಣ ಮಾತು ಹೇಳಲು ಎಷ್ಟು ಕಷ್ಟವಾಗುತ್ತದೆ ಎಂಬುದೇ ನಿಮಗೆ ಬೇಕಾದ ಮಾಹಿತಿ. ಮುಂದಿನ ಹಬ್ಬದಲ್ಲಿ ಮತ್ತೆ ಅಂಕ ಹಾಕಿ. ಎಂಟಿದ್ದದ್ದು ಐದಕ್ಕೆ ಇಳಿದಿದ್ದರೆ ಕೆಲಸ ನಡೆಯುತ್ತಿದೆ. ವಾರಗಿತ್ತಿ ಆಗಲೂ ಕೈ ಚಾಚಿಯೇ ಚಾಚುತ್ತಾರೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಸಿಟ್ಟೇ ಬರುವುದಿಲ್ಲ. ಊರಿಗೆಲ್ಲ ಅವರು ದೇವರಂಥವರು. ಆದರೆ ನಾನು ಹೇಳಿದ ಕೆಲಸವೆಲ್ಲ ಮರೆಯುತ್ತಾರೆ. ನನ್ನ ತವರಿಗೆ ಹೊರಟ ದಿನವೇ ಕಾರಿನ ಕೀ ಕಳೆದುಹೋಗುತ್ತದೆ. ಕೊನೆಗೆ ಕೂಗಾಡುವವಳು ನಾನು. ಒಂದು ಶಿಬಿರದಲ್ಲಿ ಇವರಿಗೆ 'ಒಳಗೆ ಸಿಟ್ಟು ತುಂಬಿದೆ, ದಿಂಬಿಗೆ ಹೊಡೆದು ಹೊರಹಾಕಿ' ಅಂದರಂತೆ. ಎರಡು ತಿಂಗಳಿಂದ ಹೊಡೆಯುತ್ತಿದ್ದಾರೆ. ಮರೆವು ಹಾಗೇ ಇದೆ.

ಉತ್ತರ: ದಿಂಬು ನಿಲ್ಲಿಸಲು ಹೇಳಿ. ಸಿಟ್ಟನ್ನು ಹೊಡೆದು ಹೊರಹಾಕಬಹುದೆಂಬ ನಂಬಿಕೆ ಬಹಳ ಹಳೆಯದು, ಪ್ರಯೋಗದಲ್ಲಿ ನಿಂತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 600 ವಿದ್ಯಾರ್ಥಿಗಳಿದ್ದರು. ತಮ್ಮನ್ನು ಕೆರಳಿಸಿದವನನ್ನು ನೆನೆಯುತ್ತ ಪಂಚಿಂಗ್ ಬ್ಯಾಗಿಗೆ ಗುದ್ದಿದವರಿಗೇ ಎಲ್ಲರಿಗಿಂತ ಹೆಚ್ಚು ಸಿಟ್ಟು ಉಳಿದಿತ್ತು. ಏನೂ ಮಾಡದೆ ಸುಮ್ಮನೆ ಕೂತವರೇ ಅವರಿಗಿಂತ ವಾಸಿ.

ಆದರೆ ಇವರದು ಸಿಟ್ಟೇ ಎಂದು ತೀರ್ಮಾನಿಸುವ ಮುನ್ನ ಒಂದು ಪರೀಕ್ಷೆ. ಆಫೀಸಿನ ಕೆಲಸ, ಗೆಳೆಯರ ಕೆಲಸ, ತಮಗಿಷ್ಟವಾದ ಕೆಲಸಗಳನ್ನೂ ಹೀಗೇ ಮರೆಯುತ್ತಾರೆಯೇ? ಎಲ್ಲ ಕಡೆ ಮರೆಯುವುದಾದರೆ ನಿದ್ದೆ, ಕಿವಿ, ಥೈರಾಯ್ಡ್, ಗಮನದ ತೊಂದರೆ ಇತ್ಯಾದಿ ಮೊದಲು ಪರೀಕ್ಷಿಸಿ, ವೈದ್ಯರಿಗೆ ತೋರಿಸಿ. ನಿಮ್ಮ ಕೆಲಸ ಮಾತ್ರ, ಅದರಲ್ಲೂ ತವರಿನ ಪ್ರಯಾಣ ಮಾತ್ರ ಮರೆಯುವುದಾದರೆ, ಬಾಯಲ್ಲಿ ಬಾರದ 'ಆಗಲ್ಲ' ಕೀ ರೂಪದಲ್ಲಿ ಬರುತ್ತಿದೆ. ಬೇಕೆಂದೇ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಅವರಿಗೂ ತಿಳಿಯದ ಹಾಗೆ ನಡೆಯುವುದರಿಂದಲೇ ಅದನ್ನು ನೆರಳು ಎನ್ನುವುದು.

ಅವರು ಕಲಿಯಬೇಕಾದ್ದು ದೊಡ್ಡ ಸಿಟ್ಟನ್ನಲ್ಲ, ಹತ್ತಕ್ಕೆ ಎರಡು ಎನ್ನುವಷ್ಟಿರುವಾಗಲೇ ಅಸಮಾಧಾನವನ್ನು ಬಾಯಿಬಿಟ್ಟು ಹೇಳುವುದನ್ನು. ಇಂಥವರಿಗೆ ಎರಡು, ಮೂರು, ನಾಲ್ಕು ಗೊತ್ತೇ ಆಗುವುದಿಲ್ಲ. ಸೊನ್ನೆಯಿಂದ ನೇರ ಮರೆವಿಗೆ ಹೋಗುತ್ತಾರೆ. ಆದ್ದರಿಂದ ಮೈಯ ಗುರುತು ಹಿಡಿಯಬೇಕು. ಯಾರಾದರೂ ಕೆಲಸ ಹೇಳಿದಾಗ 'ಆಯ್ತು' ಎನ್ನುವ ಮುನ್ನ ಒಂದು ಉಸಿರು ಎಳೆದು ಬಿಟ್ಟು, ಹೊಟ್ಟೆ ಬಿಗಿಯಾಯಿತೇ, ಮಾತು ಅತಿ ಬೇಗ ಬಂತೇ ಎಂದು ನೋಡಲಿ. ಬಿಗಿಯಾಗಿದ್ದರೆ ಒಂದು ಸಾಲು: 'ಸ್ವಲ್ಪ ತಡೆ, ಸಂಜೆ ಹೇಳ್ತೀನಿ.' ಸಂಜೆ ಹೇಳಲೇಬೇಕು, ಅದು ಕರಾರು. ಮೊದಲ ಎರಡು ವಾರ ಸಣ್ಣ ವಿಷಯಗಳಲ್ಲಿ ಮಾತ್ರ: ಯಾವ ಸಿನಿಮಾ, ರಾತ್ರಿಗೆ ಏನಡುಗೆ. ತವರಿನ ವಿಷಯ ಆಮೇಲೆ.

ಇಲ್ಲಿ ಕೆಡುವುದು ಎರಡು ಕಡೆ. ಇಷ್ಟು ವರ್ಷ ಕೂಡಿಟ್ಟದ್ದು ಒಮ್ಮೆಲೇ ಬಂದು, 'ಮದುವೆಯಾದಾಗಿನಿಂದ…' ಎಂದು ಅವರು ಶುರು ಮಾಡಬಹುದು. ಅದಕ್ಕೆ ಮೊದಲೇ ನಿಯಮ ಹಾಕಿಕೊಳ್ಳಿ: ಇಂದಿನ ವಿಷಯ ಇಂದು, ಹಳೆಯದು ಬೇಡ. ಇನ್ನೊಂದು ನಿಮ್ಮ ಕಡೆಯದು. ಅವರು ಮೊದಲ ಬಾರಿ 'ಈ ಭಾನುವಾರ ನಿಮ್ಮಮ್ಮನ ಮನೆಗೆ ಬರೋಕಾಗಲ್ಲ' ಎಂದು ಬಾಯಿಬಿಟ್ಟು ಹೇಳಿದಾಗ ನಿಮಗೆ ನೋವಾಗುತ್ತದೆ, ಮರೆವೇ ಚೆನ್ನಾಗಿತ್ತು ಎನಿಸುತ್ತದೆ. ಆಗ ನೀವು ಅತ್ತರೆ ಅಥವಾ ಮೂರು ದಿನ ಮಾತು ಬಿಟ್ಟರೆ ಕೀ ಮತ್ತೆ ಕಳೆದುಹೋಗುತ್ತದೆ.

ಪತ್ರದ ಒಂದು ಸಾಲನ್ನು ನೀವು ಹಾಗೇ ದಾಟಿಬಿಟ್ಟಿದ್ದೀರಿ: 'ಕೊನೆಗೆ ಕೂಗಾಡುವವಳು ನಾನು.' ಗಂಡಹೆಂಡಿರಲ್ಲಿ ಒಬ್ಬರು ಸಿಟ್ಟನ್ನು ಪೂರ್ತಿ ಬಿಟ್ಟುಕೊಟ್ಟರೆ ಇನ್ನೊಬ್ಬರು ಇಬ್ಬರ ಪಾಲನ್ನೂ ಹೊರುತ್ತಾರೆ. ಹಾಗೆಯೇ ಮನೆಯ ಸೌಮ್ಯತೆಯನ್ನೆಲ್ಲ ಅವರಿಗೆ ಕೊಟ್ಟು ನೀವು ಕೈ ಬರಿದು ಮಾಡಿಕೊಂಡಿರಬಹುದು. ಅವರ ಅಭ್ಯಾಸ ನಡೆಯುವಾಗ ನಿಮಗೂ ಒಂದು: ಅವರು ಮರೆತ ಕೆಲಸವನ್ನು ಒಂದು ಸಲ ನೆನಪಿಸಿ, ಆಮೇಲೆ ಅದರ ಪರಿಣಾಮ ಅವರ ಮೇಲೇ ಬೀಳಲು ಬಿಡಿ. ಕೀ ಸಿಗದಿದ್ದರೆ ನೀವು ಬಸ್ಸಿನಲ್ಲಿ ತವರಿಗೆ ಹೋಗಿಬಿಡಿ. ಕೂಗಾಟವಿಲ್ಲದೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದಲ್ಲಿರುವವನು, 29 ವರ್ಷ, ನ್ಯೂಜೆರ್ಸಿಯಲ್ಲಿದ್ದೇನೆ. ಆನ್‌ಲೈನಿನಲ್ಲಿ 'ಶಾಡೋ ವರ್ಕ್' ಜರ್ನಲ್ ಕೊಂಡು ನಾಲ್ಕು ತಿಂಗಳಿಂದ ರಾತ್ರಿ ಮಲಗುವ ಮುಂಚೆ ಒಂದು ಗಂಟೆ ಬರೆಯುತ್ತಿದ್ದೇನೆ. 'ನಾನೇಕೆ ಹೀಗೆ?', 'ನನ್ನ ಅತಿ ದೊಡ್ಡ ಗಾಯ ಯಾವುದು?' ಇಂಥ ಪ್ರಶ್ನೆಗಳು. ಈಗ ನಿದ್ದೆ ಬರುತ್ತಿಲ್ಲ, ಎಲ್ಲರ ಮೇಲೂ ಬೇಸರ. 'ಹೀಲಿಂಗ್ ಆಗುವ ಮುಂಚೆ ಹೀಗೇ ಆಗುತ್ತೆ' ಅಂತಾರೆ ಗೆಳೆಯರು. ಮುಂದುವರಿಸಲೇ?

ಉತ್ತರ: ಬೇಡ. ಈ ಹೊತ್ತಿಗೆ ನಿಲ್ಲಿಸಿ.

ಬರೆದ ದಿನ ಮನಸ್ಸು ಸ್ವಲ್ಪ ಕಲಕುವುದು ಸಹಜ, ಆದರೆ ಅದು ಒಂದೆರಡು ಗಂಟೆಯಲ್ಲಿ, ಹೆಚ್ಚೆಂದರೆ ಮರುದಿನದೊಳಗೆ ತಿಳಿಯಾಗಬೇಕು. ನಾಲ್ಕು ತಿಂಗಳು ಏರುತ್ತಲೇ ಹೋಗಿದೆ ಎಂದರೆ ಅದು ಹೀಲಿಂಗ್ ಅಲ್ಲ, ಒಣಗಲು ಬಿಡದೆ ಗಾಯ ಕೆರೆದಂತೆ. ಬರವಣಿಗೆಯಿಂದ ಲಾಭವಿದೆ ಎಂದು ತೋರಿಸಿದ ಮೂಲ ಅಧ್ಯಯನದ ಪ್ರಮಾಣ ನೋಡಿ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬರೆದದ್ದು ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ. ಅಷ್ಟೇ, ಮುಗಿಯಿತು. ಒಟ್ಟು ಒಂದು ಗಂಟೆ. ನೀವು ಅಷ್ಟನ್ನು ಪ್ರತಿ ರಾತ್ರಿ ಮಾಡುತ್ತಿದ್ದೀರಿ.

ಪ್ರಶ್ನೆಗಳಲ್ಲೂ ದೋಷವಿದೆ. 'ಏಕೆ' ಎಂದು ಕೇಳಿದ ಕೂಡಲೇ ಮನಸ್ಸು ಕಾರಣ ಹೆಣೆಯಲು ಕೂರುತ್ತದೆ, ಮೆಲುಕು ಶುರುವಾಗುತ್ತದೆ. 'ಏನಾಯಿತು, ಎಲ್ಲಿ, ಆಗ ನಾನು ಏನೆಂದೆ, ಏನು ಹೇಳಲು ಹೊರಟು ನುಂಗಿಕೊಂಡೆ' ಎಂದು ಕೇಳಿಕೊಂಡರೆ ಕೈಗೆ ಸಿಗುವ ಉತ್ತರ ಬರುತ್ತದೆ. ಅಲ್ಲದೆ ಒಬ್ಬನೇ ಕೋಣೆಯಲ್ಲಿ ಕೂತು ತನ್ನ ನೆರಳನ್ನು ಹುಡುಕುವುದರಲ್ಲೇ ಒಂದು ತೊಡಕಿದೆ. ಹುಡುಕುವವನು ಮತ್ತು ಬಚ್ಚಿಟ್ಟವನು ಇಬ್ಬರೂ ನೀವೇ. ಸಿಗುವುದು ಸಾಮಾನ್ಯವಾಗಿ ನಿಮಗೆ ಮೊದಲೇ ಗೊತ್ತಿದ್ದ ದೂರುಗಳು. ಹೊಸದು ಬರುವುದು ಜನರ ನಡುವೆ: ಆಫೀಸಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಯಾರ ಮಾತು ಚುಚ್ಚಿತು, ಅಮ್ಮನ ಫೋನಿಗೆ ಯಾಕೆ ಎರಡು ದಿನ ಉತ್ತರಿಸಲಿಲ್ಲ, ಯಾರ ಜೋಕಿಗೆ ಅತಿಯಾಗಿ ನಕ್ಕಿರಿ.

ಎರಡು ವಾರ ಏನೂ ಬರೆಯಬೇಡಿ. ನಿದ್ದೆ ಸರಿಹೋದರೆ ಮತ್ತೆ ಶುರು ಮಾಡಬಹುದು, ಹೀಗೆ: ವಾರಕ್ಕೆ ಎರಡು ಸಲ, ಹಗಲಲ್ಲಿ, ಟೈಮರ್ ಇಟ್ಟು 15 ನಿಮಿಷ. ವಾಕ್ಯ ಅರ್ಧಕ್ಕಿದ್ದರೂ ಗಂಟೆ ಹೊಡೆದಾಗ ಪೆನ್ನು ಕೆಳಗೆ. ಕೊನೆಯ ಸಾಲು ಯಾವಾಗಲೂ 'ಈ ವಾರ ಇದಕ್ಕಾಗಿ ನಾನು ಮಾಡುವ ಒಂದು ಸಣ್ಣ ಕೆಲಸ' ಎಂದಿರಲಿ. ಆಮೇಲೆ ಪಾತ್ರೆ ತೊಳೆಯಿರಿ, ನಡೆಯಲು ಹೋಗಿ, ಯಾರೊಡನಾದರೂ ಬೇರೆ ವಿಷಯ ಮಾತಾಡಿ. ಎರಡು ವಾರ ಬಿಟ್ಟರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ಇದು ನೆರಳಿನ ಪ್ರಶ್ನೆಯಾಗಿ ಉಳಿದಿಲ್ಲ. ಅಲ್ಲಿನ ವೈದ್ಯರನ್ನು ಕಂಡು ಖಿನ್ನತೆಯ ಪರೀಕ್ಷೆ ಮಾಡಿಸಿಕೊಳ್ಳಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಆಗಲೇ ಕರೆ ಮಾಡಿ.

ಪ್ರಶ್ನೆ: ನಿವೃತ್ತ ಬ್ಯಾಂಕ್ ಅಧಿಕಾರಿ ನಾನು. ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯಗಳನ್ನು ಗೆಲ್ಲಬೇಕೆಂದು ನಮ್ಮ ಹಿರಿಯರು ಹೇಳಿದರು. ನೀವು ಒಪ್ಪಿಕೊಳ್ಳಿ ಎನ್ನುತ್ತೀರಿ. ಇದು ಪಶ್ಚಿಮದ ಸರಕಲ್ಲವೇ?

ಉತ್ತರ: ಸರಕು ಅಲ್ಲಿನದು ಹೌದು. ಆದರೆ ಯೂಂಗ್ ನಿಮ್ಮ ಪ್ರಶ್ನೆಯನ್ನು ಹೊತ್ತುಕೊಂಡು ಇಲ್ಲಿಗೂ ಬಂದಿದ್ದರು. ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 25ನೇ ವರ್ಷದ ಸಮಾವೇಶಕ್ಕೆ ಆಹ್ವಾನಿತರಾಗಿ 1937ರ ಡಿಸೆಂಬರಿನಲ್ಲಿ ಬಂದಿಳಿದು, 1938ರ ಆರಂಭದವರೆಗೆ ದೇಶ ಸುತ್ತಿದರು. ಮೈಸೂರು ಮಹಾರಾಜರ ಗುರುಗಳಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಆಳವಾಗಿ ಚರ್ಚಿಸಿದ್ದನ್ನು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಆ ಪ್ರವಾಸದಲ್ಲಿ ತಮ್ಮನ್ನು ಮುಖ್ಯವಾಗಿ ಕಾಡಿದ್ದು ಕೆಡುಕಿನ ಮಾನಸಿಕ ಸ್ವರೂಪದ ಪ್ರಶ್ನೆ ಎಂದೂ ಅಲ್ಲೇ ಬರೆದಿದ್ದಾರೆ. ಒಳಿತು ಕೆಡುಕುಗಳೆರಡನ್ನೂ ದಾಟಿ ನಿಲ್ಲುವ ಇಲ್ಲಿನ ಗುರಿಯನ್ನು ಅವರು ಗೌರವದಿಂದ ಕಂಡರೂ ತಮ್ಮದಾಗಿಸಿಕೊಳ್ಳಲಿಲ್ಲ. ಎದುರಿಸದೆ ದಾಟಿದ್ದು ದಾಟಿದ ಹಾಗಲ್ಲ ಎಂಬುದು ಅವರ ತಕರಾರು.

ಹಿರಿಯರ ಮಾತಿಗೂ ಇದಕ್ಕೂ ನೀವು ಅಂದುಕೊಂಡಷ್ಟು ಜಗಳವಿಲ್ಲ. ಶತ್ರುವನ್ನು ಗೆಲ್ಲಲು ಮೊದಲು ಅವನು ಮನೆಯೊಳಗಿದ್ದಾನೆ ಎಂದು ಒಪ್ಪಬೇಕು. 'ನನಗೆ ಮಾತ್ಸರ್ಯವೇ ಇಲ್ಲ' ಎನ್ನುವವರ ಹತ್ತಿರ ಗೆಲ್ಲಲು ಏನಿದೆ? ಒಪ್ಪಿಕೊಳ್ಳಿ ಎಂದರೆ ಬಿಟ್ಟುಬಿಡಿ, ಮನಸೋ ಇಚ್ಛೆ ನಡೆಯಿರಿ ಎಂದಲ್ಲ. ಕ್ರೋಧ ಇದೆ ಎಂದು ಬಲ್ಲವನು ಕೈ ತಡೆಯಬಲ್ಲ; ಇಲ್ಲವೆಂದು ನಂಬಿದವನ ಕೈ ತಾನಾಗಿ ಮೇಲೇಳುತ್ತದೆ.

ಒತ್ತಿಹಿಡಿಯುವುದರಿಂದ ಆಗುವುದನ್ನು ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರ ಪ್ರಯೋಗದಲ್ಲಿ ತೋರಿಸಿದರು. ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಮೊದಲು ಒತ್ತಿಹಿಡಿದವರಿಗೆ, 'ಈಗ ಯೋಚಿಸಬಹುದು' ಎಂದಾಗ, ಮೊದಲೇ ಯೋಚಿಸಲು ಬಿಟ್ಟವರಿಗಿಂತ ಹೆಚ್ಚು ಸಲ ಕರಡಿ ಬಂತು. ಇನ್ನು, ಆರರ ಪಟ್ಟಿ ನೆರಳಿಗೆ ಸಾಲದು. ನೆರಳಿನಲ್ಲಿ ದುರ್ಗುಣವಲ್ಲದವೂ ಇರುತ್ತವೆ. ಮುಂದಿನ ಪತ್ರ ನೋಡಿ.

ಪ್ರಶ್ನೆ: ವೇದಿಕೆ ಮೇಲೆ ಸಲೀಸಾಗಿ ಹಾಡುವವರನ್ನು ಕಂಡರೆ ಕಣ್ಣಲ್ಲಿ ನೀರು ಬರುತ್ತದೆ, ಅವರ ಹಿಂದೆ ಹಿಂದೆ ತಿರುಗುತ್ತೇನೆ. ನಾನು ಹಾಡುವುದಿಲ್ಲ. ಅಪ್ಪನಿಗೆ ಇಷ್ಟವಿರಲಿಲ್ಲ. ಇದೂ ನೆರಳೇ?

ಉತ್ತರ: ಹೌದು. ಅತಿಯಾದ ಸಿಟ್ಟಿನ ಹಾಗೆಯೇ ಅತಿಯಾದ ಆರಾಧನೆಯೂ ಸುಳಿವು. ಮನೆಯಲ್ಲಿ ಜಾಗ ಸಿಗದ ಪ್ರತಿಭೆ, ಲವಲವಿಕೆ, ಮುಂದಾಳುತನ ಎಲ್ಲ ನೆರಳಿನಲ್ಲೇ ಬಿದ್ದಿರುತ್ತವೆ. ಆರಾಧಿಸುವ ವ್ಯಕ್ತಿಯಿಂದ ನಿಮಗೆ ಬೇಕಾಗಿರುವುದು ಯಾವುದು ಎಂದು ಬಿಡಿಸಿ ನೋಡಿ: ಕಂಠವೇ, ಅಥವಾ ಅಷ್ಟು ಜನರೆದುರು ಬಾಯಿ ತೆರೆಯುವ ಧೈರ್ಯವೇ? ಎರಡಕ್ಕೂ ದಾರಿ ಬೇರೆ. ಕಂಠವಾದರೆ ಹತ್ತಿರದ ಸುಗಮ ಸಂಗೀತದ ತರಗತಿ. ಧೈರ್ಯವಾದರೆ ಮನೆಯ ಸಮಾರಂಭದಲ್ಲಿ ಎರಡು ನಿಮಿಷ ನಿಂತು ವಂದನಾರ್ಪಣೆ ಮಾಡುವುದರಿಂದ ಶುರು ಮಾಡಬಹುದು. ಮೊದಲ ಸಲ ಸೊರಗಿದ ದನಿ ಕೇಳಿ ಆರಾಧಿಸುವವರೊಡನೆ ಹೋಲಿಸಿಕೊಂಡು ಬಿಟ್ಟುಬಿಡುವುದೇ ಇಲ್ಲಿನ ದೊಡ್ಡ ತಪ್ಪು. ಹತ್ತು ವರ್ಷದ ವಯಸ್ಸಿನಲ್ಲಿ ನಿಂತುಹೋದದ್ದು ಹತ್ತು ವರ್ಷದ ಮಟ್ಟದಲ್ಲೇ ಎದ್ದು ಬರುತ್ತದೆ.

ಪ್ರಶ್ನೆ: ಪದವಿ ವಿದ್ಯಾರ್ಥಿನಿ ನಾನು. ಕನಸಿನಲ್ಲಿ ಪದೇ ಪದೇ ಕೆದರಿದ ಕೂದಲಿನ ಹುಡುಗಿಯೊಬ್ಬಳು ಹಾಸ್ಟೆಲ್ ಕೋಣೆಗೆ ನುಗ್ಗಿ ನನ್ನ ಮಂಚದ ಮೇಲೆ ಕಾಲು ಚಾಚಿ ಕೂರುತ್ತಾಳೆ. ಹೆದರಿ ಎದ್ದುಬಿಡುತ್ತೇನೆ.

ಉತ್ತರ: ಕನಸಿನಲ್ಲಿ ನೆರಳು ಹೆಚ್ಚಾಗಿ ಕನಸು ಕಾಣುವವರದೇ ಲಿಂಗದ, ನಮಗೆ ಸೇರದ ವ್ಯಕ್ತಿಯಾಗಿ ಬರುತ್ತದೆ ಎಂಬುದು ಯೂಂಗ್ ಅನುಭವ. ನಿಮ್ಮವಳು ಹೊಡೆಯುತ್ತಿಲ್ಲ, ಬಡಿಯುತ್ತಿಲ್ಲ, ಕಾಲು ಚಾಚಿ ಕೂತಿದ್ದಾಳೆ ಎಂಬುದನ್ನು ಗಮನಿಸಿ. ನೀವು ಬಹುಶಃ ಕಾಲು ಚಾಚದವರು.

ಎಚ್ಚರದಲ್ಲಿ ಅವಳನ್ನು ಮಾತಾಡಿಸುವ ಒಂದು ವಿಧಾನವಿದೆ. ಯೂಂಗ್ 1913ರಿಂದ ತಮ್ಮ ಮೇಲೆಯೇ ಪ್ರಯೋಗಿಸಿ ರೂಪಿಸಿದ್ದು. ಹಗಲಲ್ಲಿ, ಬೆಳಕಿರುವ ಕೋಣೆಯಲ್ಲಿ ಕಾಲು ನೆಲಕ್ಕೂರಿ ಕೂತು, ಕನಸು ಮುರಿದ ಕಡೆಯ ದೃಶ್ಯವನ್ನು ನೆನೆಯಿರಿ. ಅವಳು ಅಲುಗುವವರೆಗೆ ಕಾಯಿರಿ. ನಂತರ ಕಾಗದದ ಮೇಲೆ ನಾಟಕದ ಸಂಭಾಷಣೆಯಂತೆ ಬರೆಯಿರಿ: ನಾನು – ಇಲ್ಲಿ ಯಾಕೆ ಬಂದೆ? ಅವಳು – … ತಿದ್ದಬೇಡಿ. ಅವಳು ನಿಮಗಿಷ್ಟವಾದ ಸಿಹಿ ಮಾತನ್ನೇ ಆಡುತ್ತಿದ್ದರೆ ನೀವೇ ಬರೆಯುತ್ತಿದ್ದೀರಿ ಎಂದರ್ಥ. ನಿಲ್ಲಿಸಿ, ಮತ್ತೆ ಕಾಯಿರಿ. ಅವಳು ಕೇಳಿದ್ದನ್ನೆಲ್ಲ ಕೊಡಬೇಕಿಲ್ಲ, ಚೌಕಾಸಿ ಮಾಡಿ. 'ಪರೀಕ್ಷೆ ಬಿಟ್ಟುಬಿಡು' ಎಂದರೆ 'ಅದಾಗಲ್ಲ, ಭಾನುವಾರ ಮಧ್ಯಾಹ್ನ ಓದಲ್ಲ' ಎನ್ನಬಹುದು. ಹೇಳಿದ ಮೇಲೆ ಭಾನುವಾರ ನಿಜಕ್ಕೂ ಓದಬಾರದು. ಹದಿನೈದು ನಿಮಿಷ ಸಾಕು. ಮುಗಿದ ಮೇಲೆ ತಣ್ಣೀರಲ್ಲಿ ಮುಖ ತೊಳೆದು, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿ. ಕನಸಿನವಳಿಗೆ ಗೊತ್ತಿರುವ ಗೆಳತಿಯ ಮುಖವಿದ್ದರೆ ಬೇರೆ ಮುಖ ಕೊಟ್ಟು ಶುರು ಮಾಡಿ, ಇಲ್ಲವಾದರೆ ನಾಳೆ ಆ ಗೆಳತಿಯೊಡನೆ ನಡೆದುಕೊಳ್ಳುವುದು ಕೆಡುತ್ತದೆ.

ಯಾರೂ ಇಲ್ಲದಾಗ ದನಿ ಕೇಳಿಸುವವರು, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಅಥವಾ ಬೈಪೋಲಾರ್ (ಮನಸ್ಸು ಅತಿ ಉತ್ಸಾಹ, ಅತಿ ಖಿನ್ನತೆಗಳ ನಡುವೆ ತೂಗುವ ಕಾಯಿಲೆ) ಇದ್ದವರು, ಇತ್ತೀಚೆಗೆ ದೊಡ್ಡ ಆಘಾತಕ್ಕೆ ಒಳಗಾದವರು ಇದನ್ನು ಒಬ್ಬರೇ ಮಾಡಲೇಬಾರದು.

ಪ್ರಶ್ನೆ: ನೆರಳು ಪೂರ್ತಿ ಮುಗಿಯುವುದು ಯಾವಾಗ?

ಉತ್ತರ: ಮುಗಿಯುವುದಿಲ್ಲ. ಹೊಸ ಕೆಲಸ, ಹೊಸ ಮದುವೆ, ಹೊಸ ಮೊಮ್ಮಗು, ಪ್ರತಿಯೊಂದರ ಜೊತೆಗೂ 'ಇದು ನಾನಲ್ಲ' ಎನ್ನುವುದು ಒಂದಿಷ್ಟು ಸೇರುತ್ತಲೇ ಇರುತ್ತದೆ.

ಪ್ರಶ್ನೆ: ಎರಡು ದಿನದ 'ನೆರಳು ಶಿಬಿರ'ಕ್ಕೆ ತಂಗಿ ಸೇರಬೇಕೆಂದಿದ್ದಾಳೆ. ಮೊದಲ ದಿನವೇ ಎಲ್ಲರೂ ತಮ್ಮ ಅತಿ ನಾಚಿಕೆಯ ಗುಟ್ಟನ್ನು ಗುಂಪಿನೆದುರು ಹೇಳಬೇಕಂತೆ. ಕಳುಹಿಸಲೇ? ಇಲ್ಲವಾದರೆ ಯಾರ ಹತ್ತಿರ ಹೋಗಬೇಕು?

ಉತ್ತರ: ಇಂಥ ಶಿಬಿರಕ್ಕೆ ಬೇಡ. ಅಪರಿಚಿತರ ಮುಂದೆ ಮೊದಲ ದಿನವೇ ಗುಟ್ಟು ಬಿಚ್ಚುವುದರಿಂದ ಒಂದು ದಿನದ ಅಮಲು ಬರುತ್ತದೆ, ಮೂರನೇ ದಿನ ಮನೆಯಲ್ಲಿ ಒಬ್ಬಳೇ ಕೂತಾಗ ಅವಮಾನ ಹತ್ತಿಕೊಳ್ಳುತ್ತದೆ. ಆಗ ಶಿಬಿರದವರು ಬೇರೆ ಊರಿನಲ್ಲಿರುತ್ತಾರೆ. ಗುಟ್ಟು ಹೊರಬರುವ ವೇಗವನ್ನು ಹೇಳುವವರೇ ನಿರ್ಧರಿಸಬೇಕು. 'ಹೇಳದಿದ್ದರೆ ಅದು ನಿನ್ನ ಪ್ರತಿರೋಧ' ಎಂದು ಒತ್ತಾಯಿಸುವುದು, ಮಾತ್ರೆ ಬಿಡಿ ಎನ್ನುವುದು, ಮನೆಯವರಿಂದ ದೂರವಿರಿ ಎನ್ನುವುದು, ಮುಂದಿನ ಹಂತಕ್ಕೆ ದುಡ್ಡು ಕಟ್ಟಿಸುವುದು, ಈ ನಾಲ್ಕರಲ್ಲಿ ಯಾವುದಿದ್ದರೂ ಎದ್ದು ಬರಬಹುದು.

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿದವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್‌ಸಿಐ) ನೋಂದಾಯಿಸಿರಬೇಕು. ನೋಂದಣಿ ಸಂಖ್ಯೆ ಕೇಳಿ, ಅದರಲ್ಲಿ ಸಂಕೋಚ ಬೇಡ. ಮನೋವೈದ್ಯರಾದರೆ ವೈದ್ಯಕೀಯ ಮಂಡಳಿಯ ನೋಂದಣಿ. ಬೆಂಗಳೂರಿನ ನಿಮ್ಹಾನ್ಸ್, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗ ಕಡಿಮೆ ಖರ್ಚಿನ ದಾರಿಗಳು. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಮೊದಲ ಭೇಟಿಗೆ ಮುನ್ನ ಫೋನಿನಲ್ಲಿ ತಂಗಿ ಮೂರು ಮಾತು ಕೇಳಲಿ: ಒಂದು ಸೆಷನ್ ಎಷ್ಟು ನಿಮಿಷ, ಎಷ್ಟು ಫೀಸು? ನಡುವೆ ತುಂಬಾ ಕಷ್ಟವಾದರೆ ಯಾರಿಗೆ ಫೋನ್ ಮಾಡಬೇಕು? ನಿಲ್ಲಿಸಬೇಕೆನಿಸಿದರೆ ಹೇಗೆ ನಿಲ್ಲಿಸುವುದು? ಮೂರನೆಯದಕ್ಕೆ ಆ ಕಡೆಯವರು ಬೇಸರಪಟ್ಟುಕೊಂಡರೆ ಬೇರೆಯವರನ್ನು ಹುಡುಕಿ.